ಕರೋಕೆ: ಕೊರಳಿಗೊಪ್ಪುವ ಹಾಡು ಯಾವುದು?

ಕಳೆದ ವರ್ಷ ನಮ್ಮ ಸಂಬಂಧಿಕರ ಮನೆಯಲ್ಲಿ ಮದುವೆ. ಹಿಂದಿನ ದಿನ ಸಂಜೆ ವರಪೂಜೆ ಮುಗಿದು ಊಟಕ್ಕೆ ಇನ್ನೂ ಹೊತ್ತಿತ್ತು. ಛತ್ರದ ಒಂದು ಮೂಲೆಯಲ್ಲಿ ಬಾಡಿಗೆಗೆ ತಂದ ಕರೋಕೆ ಯಂತ್ರ, ಎರಡು ಮೈಕು. ಗಂಡಸರು ಒಬ್ಬೊಬ್ಬರಾಗಿ ಹಾಡಿ ಚಪ್ಪಾಳೆ ಗಿಟ್ಟಿಸಿಕೊಂಡ ಮೇಲೆ ನಮ್ಮ ಚಿಕ್ಕಮ್ಮನನ್ನು ಬಲವಂತವಾಗಿ ಎಬ್ಬಿಸಿದರು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗಲೂ ಹಾಡು ಗುನುಗುವವರು ಅವರು. ಡಾ. ರಾಜ್‌ಕುಮಾರ್ ಹಾಡಿದ ಹಳೆಯ ಚಿತ್ರಗೀತೆಯೊಂದನ್ನು ಆರಿಸಿಕೊಂಡರು. ಪಲ್ಲವಿಯಲ್ಲಿ ಅವರ ದನಿ ಯಾರಿಗೂ ಕೇಳಿಸಲಿಲ್ಲ, ಅಷ್ಟು ಕೆಳಗಿತ್ತು. ಚರಣಕ್ಕೆ ಬಂದಾಗ ಮೇಲಿನ ಸ್ಥಾಯಿಗೆ ಹಾರಿದರು, ಗಂಟಲು ಒಡೆಯಿತು. ಹುಡುಗರು ನಕ್ಕರು. ನಿಜ ಹೇಳಬೇಕೆಂದರೆ ನಾನೂ ನಕ್ಕೆ. ‘ವಯಸ್ಸಾಯಿತು, ಗಂಟಲು ಕೆಟ್ಟಿದೆ’ ಎಂದು ಮೈಕು ಕೆಳಗಿಟ್ಟ ಚಿಕ್ಕಮ್ಮ ಆಮೇಲೆ ಅಡುಗೆಮನೆಯಲ್ಲಿಯೂ ಹಾಡುವುದನ್ನು ನಿಲ್ಲಿಸಿಬಿಟ್ಟರು.

ಅವರ ಗಂಟಲು ಕೆಟ್ಟಿರಲಿಲ್ಲ. ಕೆಟ್ಟಿದ್ದು ಆಯ್ಕೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಹಾಡಿನ ಆಯ್ಕೆಯೂ ಅಲ್ಲ, ಶ್ರುತಿಯ ಆಯ್ಕೆ. ಕರೋಕೆ ಮುಂದೆ ನಿಂತ ಎಷ್ಟೋ ಹೆಂಗಸರು ‘ನನಗೆ ಹಾಡಲು ಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುವುದು ಹೀಗೆಯೇ. ಸುಲಭವಾಗಿ ಹಾಡಬಹುದಾದ, ಕೇಳುವವರಿಗೂ ಖುಷಿ ಕೊಡುವ ಹಾಡು ಯಾವುದು ಎಂಬ ಸಣ್ಣ ಪ್ರಶ್ನೆಯ ಹಿಂದೆ ಒಂದು ಯಂತ್ರದ ಇತಿಹಾಸವಿದೆ, ಕೊರಳಿನ ಲೆಕ್ಕಾಚಾರವೂ ಇದೆ.

ಒಬ್ಬ ಗಂಡಸಿನ ಅಳತೆಗೆ ಹೊಲಿದ ಅಂಗಿ

‘ಕರೋಕೆ’ ಜಪಾನಿ ಪದ. ‘ಕರ’ ಎಂದರೆ ಖಾಲಿ; ‘ಓಕೆ’ ಎಂಬುದು ಆರ್ಕೆಸ್ಟ್ರಾ ಎಂಬ ಪದದ ಜಪಾನಿ ಉಚ್ಚಾರದ ಮೊಟಕು ರೂಪ. ಒಟ್ಟಿನಲ್ಲಿ ಗಾಯಕನಿಲ್ಲದ ಖಾಲಿ ವಾದ್ಯಮೇಳ. ಇದಕ್ಕೆ ಯಂತ್ರದ ರೂಪ ಕೊಟ್ಟವರು ಒಬ್ಬರಲ್ಲ. ಟೋಕಿಯೊದಲ್ಲಿ ಶಿಗೆಯಿಚಿ ನೆಗಿಶಿ 1967ರಲ್ಲೇ ಇಂಥದೊಂದು ಪೆಟ್ಟಿಗೆ ತಯಾರಿಸಿದ್ದರು. ಫಿಲಿಪ್ಪೀನ್ಸ್‌ನ ರೊಬೆರ್ಟೊ ಡೆಲ್ ರೊಸಾರಿಯೊ 1980ರ ದಶಕದಲ್ಲಿ ತಮ್ಮ ಸಿಂಗ್ ಅಲಾಂಗ್ ಯಂತ್ರಕ್ಕೆ ಪೇಟೆಂಟ್ ಪಡೆದರು. ಆದರೆ ಕರೋಕೆ ಜನರ ಬಾಯಿಗೆ ಬಂದದ್ದು ಕೋಬೆ ನಗರದ ದೈಸುಕೆ ಇನೊಯೆ ಅವರಿಂದ.

ಇನೊಯೆ ಬಾರುಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ವಾದ್ಯಗಾರ. ಹಾಡುವ ಆಸೆಯ ಗಿರಾಕಿಗಳಿಗೆ ಪಕ್ಕವಾದ್ಯ ನುಡಿಸುವುದು ಅವರ ಕಸುಬು. ಸಣ್ಣ ಉಕ್ಕಿನ ಕಂಪನಿಯೊಂದರ ಯಜಮಾನ ಅವರ ಕಾಯಂ ಗಿರಾಕಿ. ಅವರು ಒಮ್ಮೆ ಬಿಸಿನೀರ ಬುಗ್ಗೆಯ ಊರಿಗೆ ಪ್ರವಾಸ ಹೊರಟಾಗ ‘ಜೊತೆಗೆ ಬಾ, ಅಲ್ಲೂ ಹಾಡಬೇಕು’ ಎಂದು ಕರೆದರು. ಬಿಡುವಿಲ್ಲದ ಇನೊಯೆ ಆ ಯಜಮಾನನ ಹಾಡುವ ಧಾಟಿಗೆ ಹೊಂದುವಂತೆ ಪಕ್ಕವಾದ್ಯ ನುಡಿಸಿ, ಟೇಪಿಗೆ ತುಂಬಿ ಕಳುಹಿಸಿದರು. 1971ರಲ್ಲಿ ಅದೇ ಉಪಾಯವನ್ನು 100 ಯೆನ್ ನಾಣ್ಯ ಹಾಕಿದರೆ ನುಡಿಯುವ ಪೆಟ್ಟಿಗೆಯನ್ನಾಗಿ ಮಾಡಿ, ಮೊದಲಿಗೆ 11 ಪೆಟ್ಟಿಗೆಗಳನ್ನು ಬಾರುಗಳಿಗೆ ಬಾಡಿಗೆಗೆ ಕೊಟ್ಟರು. ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. 2004ರಲ್ಲಿ ಅವರಿಗೆ ವಿನೋದಕ್ಕಾಗಿ ಕೊಡುವ ‘ಇಗ್ ನೊಬೆಲ್’ ಶಾಂತಿ ಪ್ರಶಸ್ತಿ ಬಂತು. ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದಕ್ಕೆ ಹೊಸ ದಾರಿ ತೋರಿಸಿದ್ದಕ್ಕಾಗಿ!

ಈ ಕಥೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇನೊಯೆ ತುಂಬಿಕೊಟ್ಟ ಆ ಟೇಪು ಒಬ್ಬ ನಿರ್ದಿಷ್ಟ ಗಂಡಸಿನ ಕೊರಳಿನ ಅಳತೆಗೆ ಹೊಲಿದ ಅಂಗಿ. ಮುಂದಿನ ಹತ್ತು–ಹನ್ನೆರಡು ವರ್ಷ ಕರೋಕೆ ಬೆಳೆದದ್ದೂ ಕಚೇರಿ ಬಿಟ್ಟ ಮೇಲೆ ಬಾರಿಗೆ ಹೋಗುತ್ತಿದ್ದ ಜಪಾನಿ ನೌಕರರ ನಡುವೆ. ಅಲ್ಲಿದ್ದ ಹೆಂಗಸರಲ್ಲಿ ಬಹುಪಾಲು ಬಾರಿನ ಪರಿಚಾರಿಕೆಯರು. ಗಿರಾಕಿ ಕರೆದಾಗ ಯುಗಳಗೀತೆಗೆ ದನಿಗೂಡಿಸುವುದು ಅವರ ಪಾಲಿನ ಹಾಡು. ಗೃಹಿಣಿಯರು, ಕಾಲೇಜು ಹುಡುಗಿಯರು ಧಾರಾಳವಾಗಿ ಮೈಕು ಹಿಡಿದದ್ದು 1980ರ ದಶಕದ ನಡುವೆ ‘ಕರೋಕೆ ಬಾಕ್ಸ್’ ಬಂದ ಮೇಲೆ. ಒಕಾಯಾಮ ಪ್ರಾಂತದಲ್ಲಿ ಸರಕು ಸಾಗಿಸುವ ಹಳೆಯ ಕಂಟೇನರನ್ನೇ ಕೋಣೆಯಾಗಿ ಮಾರ್ಪಡಿಸಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟದ್ದರಿಂದ ಇದು ಆರಂಭವಾಯಿತು. ಹೆಂಡದ ವಾಸನೆಯಿಲ್ಲ, ಅಪರಿಚಿತರ ಕಣ್ಣಿಲ್ಲ. ಗೆಳತಿಯರು ಬಾಗಿಲು ಹಾಕಿಕೊಂಡು ಹಾಡಬಹುದು.

ಬಾಗಿಲೇನೋ ತೆರೆಯಿತು. ಶ್ರುತಿಯ ಸಮಸ್ಯೆ ಹಾಗೇ ಉಳಿದಿತ್ತು. ಟೇಪಿನ ಕಾಲದಲ್ಲಿ ಶ್ರುತಿ ಏರಿಸಬೇಕೆಂದರೆ ಟೇಪನ್ನು ವೇಗವಾಗಿ ಓಡಿಸಬೇಕು; ಶ್ರುತಿಯ ಜೊತೆಗೆ ಹಾಡಿನ ಗತಿಯೂ ಓಡುತ್ತಿತ್ತು. ಡಿಜಿಟಲ್ ತಂತ್ರಜ್ಞಾನ ಬಂದ ಮೇಲೆ ಗತಿ ಕೆಡದಂತೆ ಶ್ರುತಿಯನ್ನಷ್ಟೇ ಸರಿಸುವ ಗುಂಡಿ ಬಂತು. 1992ರಲ್ಲಿ ಜಪಾನಿನಲ್ಲಿ ದೂರವಾಣಿ ತಂತಿಯ ಮೂಲಕ ಹಾಡು ತರಿಸುವ ಕರೋಕೆ ಆರಂಭವಾಯಿತು. ಅದರಲ್ಲಿ ಬರುತ್ತಿದ್ದುದು ಧ್ವನಿಯಲ್ಲ, ಯಾವ ಸ್ವರವನ್ನು ಯಾವಾಗ ನುಡಿಸಬೇಕೆಂಬ ಅಂಕಿಗಳು. ಅಂಕಿಗಳಿಗೆ ಒಂದು ಕೂಡಿದರೆ ಇಡೀ ಹಾಡು ಒಂದು ಮೆಟ್ಟಿಲು ಮೇಲೆ, ಒಂದು ಕಳೆದರೆ ಒಂದು ಮೆಟ್ಟಿಲು ಕೆಳಗೆ. ಇಂದಿನ ಅನೇಕ ಮೊಬೈಲ್ ಆ್ಯಪ್‌ಗಳಲ್ಲೂ ಆ ಗುಂಡಿ ಇದೆ. ಆದರೆ ಅದನ್ನು ಒತ್ತುವವರು ಕಡಿಮೆ.

ಬಿಳಿ ಒಂದು, ಬಿಳಿ ಐದು

ಈ ಗುಂಡಿಯ ಮಹತ್ವ ತಿಳಿಯಲು ನಾವು ಜಪಾನಿಗೆ ಹೋಗಬೇಕಿಲ್ಲ, ಹಾರ್ಮೋನಿಯಂ ಸಾಕು. ಗಂಡಸರ ಧ್ವನಿತಂತುಗಳು ಉದ್ದ ಮತ್ತು ದಪ್ಪ. ಹೆಂಗಸರದು ಗಿಡ್ಡ ಮತ್ತು ತೆಳು. ಮಾತನಾಡುವಾಗ ಗಂಡಸಿನ ಧ್ವನಿತಂತು ಸೆಕೆಂಡಿಗೆ ಸುಮಾರು 100ರಿಂದ 130 ಬಾರಿ ಕಂಪಿಸಿದರೆ ಹೆಣ್ಣಿನದು ಸುಮಾರು 200 ಬಾರಿ. ಇದಕ್ಕೆ ತಕ್ಕಂತೆ ಕರ್ನಾಟಕ ಸಂಗೀತದ ಗಾಯಕರು ಸಾಮಾನ್ಯವಾಗಿ ಒಂದರಿಂದ ಎರಡರ ಶ್ರುತಿಯಲ್ಲೂ ಗಾಯಕಿಯರು ಐದರಿಂದ ಆರರ ಶ್ರುತಿಯಲ್ಲೂ ಹಾಡುತ್ತಾರೆ. ಕಛೇರಿಗೆ ಕುಳಿತ ವಿದುಷಿಯ ಮುಂದೆ ಒಂದರ ತಂಬೂರಿ ಇಟ್ಟು ‘ಹಾಡಿ’ ಎಂದು ಯಾರೂ ಹೇಳುವುದಿಲ್ಲ. ಕರೋಕೆ ಹೇಳುತ್ತದೆ!

ಲೆಕ್ಕ ಹೀಗಿದೆ. ಒಂದು ಸಪ್ತಕದಲ್ಲಿ 12 ಸ್ವರಸ್ಥಾನಗಳು. ಬಿಳಿ ಒಂದರಿಂದ ಬಿಳಿ ಐದಕ್ಕೆ ಕಪ್ಪು ಮನೆಗಳನ್ನೂ ಸೇರಿಸಿ ಎಣಿಸಿದರೆ ಏಳು ಮೆಟ್ಟಿಲು. ಬಿಳಿ ಒಂದರ ಶ್ರುತಿಯಲ್ಲಿ ಗಂಡಸು ಹಾಡಿದ ಹಾಡನ್ನು ಹೆಂಗಸೊಬ್ಬಳು ಅದೇ ಎತ್ತರದಲ್ಲಿ ಹಾಡಹೊರಟರೆ ಅವಳಿಗೆ ಅದು ಏಳು ಮೆಟ್ಟಿಲು ತಗ್ಗು. ಮಾತು ಗಂಟಲಲ್ಲೇ ಉಳಿಯುತ್ತದೆ. ಸರಿ, ಒಂದು ಸ್ಥಾಯಿ ಮೇಲೆ ಹಾಡೋಣವೆಂದರೆ 12 ಮೆಟ್ಟಿಲು ಏರಿದಂತಾಗುತ್ತದೆ. ಬೇಕಿದ್ದದ್ದು ಏಳು, ಏರಿದ್ದು ಹನ್ನೆರಡು; ಐದು ಮೆಟ್ಟಿಲು ಹೆಚ್ಚಾಯಿತು. ಛತ್ರದಲ್ಲಿ ಚಿಕ್ಕಮ್ಮನ ದನಿ ಒಡೆದದ್ದು ಈ ಐದು ಮೆಟ್ಟಿಲುಗಳ ಮೇಲೆ. ಪರಿಹಾರ ಸುಲಭ. ಯಂತ್ರದ ಶ್ರುತಿಯನ್ನು ನಾಲ್ಕು ಅಥವಾ ಐದು ಮೆಟ್ಟಿಲು ಇಳಿಸಿ, ಒಂದು ಸ್ಥಾಯಿ ಮೇಲೆ ಹಾಡುವುದು. ಅಲ್ಲಿಗೆ ಗಂಡಸಿನ ಹಾಡು ಹೆಣ್ಣಿನ ಕೊರಳಿಗೆ ಬಂದು ಕೂರುತ್ತದೆ.

ಹೆಂಗಸರೇ ಹಾಡಿದ ಹಾಡಾದರೆ ತೊಂದರೆ ಇಲ್ಲವೆಂದೇನೂ ಅಲ್ಲ. ಲತಾ ಮಂಗೇಶ್ಕರ್, ಎಸ್. ಜಾನಕಿ ಅವರಂಥ ಹಿನ್ನೆಲೆ ಗಾಯಕಿಯರ ದನಿ ಮೇಲಿನ ಸ್ಥಾಯಿಯಲ್ಲಿ ಸಲೀಸಾಗಿ ಓಡಾಡುವಂಥದು. ಆ ಹಾಡುಗಳನ್ನು ಮೂಲ ಶ್ರುತಿಯಲ್ಲೇ ಹಾಡುವುದು ಸಾಮಾನ್ಯ ಕೊರಳಿಗೆ ಬೆಟ್ಟ ಹತ್ತಿದಂತೆ. ಜೊತೆಗೆ ಐವತ್ತರ ಆಸುಪಾಸಿನಲ್ಲಿ ಮುಟ್ಟು ನಿಂತ ಮೇಲೆ ಹಾರ್ಮೋನುಗಳ ಬದಲಾವಣೆಯಿಂದ ಹೆಂಗಸರ ದನಿ ತುಸು ತಗ್ಗುವುದು ಸಹಜ. ಇಪ್ಪತ್ತರಲ್ಲಿ ಹಾಡಿದ ಶ್ರುತಿ ಐವತ್ತರಲ್ಲಿ ಎಟುಕದಿದ್ದರೆ ಅದು ಸೋಲಲ್ಲ, ಎರಡು ಮೆಟ್ಟಿಲು ಇಳಿಸಿಕೊಳ್ಳಬೇಕೆಂಬ ಸೂಚನೆ.

ಇದಕ್ಕೆ ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರಿಗಿಂತ ದೊಡ್ಡ ನಿದರ್ಶನ ಬೇಕೆ? 1940ರ ದಶಕದ ಆರಂಭದಲ್ಲಿ ಗಂಟಲಿನ ಕಾಯಿಲೆಗೆ ಚಿಕಿತ್ಸೆಯಾದ ಮೇಲೆ ಅವರ ದನಿ ಗಂಡಸಿನ ದನಿಯಷ್ಟು ತಗ್ಗಿತು. ಹೋದ ದನಿಗಾಗಿ ಅವರು ಕೊರಗುತ್ತ ಕೂರಲಿಲ್ಲ. ಇರುವ ದನಿಗೆ ತಂಬೂರಿ ಕೂಡಿಸಿಕೊಂಡು ಹಾಡಿದರು. 2009ರಲ್ಲಿ ತೀರಿಕೊಳ್ಳುವ ವೇಳೆಗೆ ಆ ದನಿ ಕಿರಾಣಾ ಘರಾಣೆಯ ಆಸ್ತಿಯಾಗಿತ್ತು. ಛತ್ರದಲ್ಲಿ ಹಾಡುವ ನಮಗೂ ಗಂಗೂಬಾಯಿಯವರಿಗೂ ಹೋಲಿಕೆ ಸಲ್ಲದು, ನಿಜ. ಆದರೆ ಪಾಠ ಒಂದೇ: ಕೊರಳಿಗೆ ಶ್ರುತಿ, ಶ್ರುತಿಗೆ ಕೊರಳಲ್ಲ.

ಸುಲಭವೆನಿಸುವ ಕಷ್ಟದ ಹಾಡುಗಳು

ಶ್ರುತಿ ಸರಿಹೋಯಿತು ಎನ್ನೋಣ. ಇನ್ನು ಹಾಡು. ಅಮೆರಿಕ, ಬ್ರಿಟನ್ನಿನ ಕರೋಕೆ ಕೂಟಗಳಲ್ಲಿ ಹೆಂಗಸರು ಮತ್ತೆಮತ್ತೆ ಎತ್ತಿಕೊಳ್ಳುವ ಕೆಲವು ಹಾಡುಗಳನ್ನು ಬಿಚ್ಚಿ ನೋಡಿದರೆ ಸುಲಭದ ಹಾಡಿನ ಗುಟ್ಟು ತಿಳಿಯುತ್ತದೆ. ಎಡವಿ ಬೀಳಿಸುವ ಹಾಡಿನ ಗುಟ್ಟೂ ತಿಳಿಯುತ್ತದೆ.

ಮೊದಲು ಎಡವುವ ಜಾಗ. ‘ಐ ವಿಲ್ ಆಲ್ವೇಸ್ ಲವ್ ಯು’ ಎಂಬ ಹಾಡನ್ನು ಕೇಳದವರು ವಿರಳ. ‘ದಿ ಬಾಡಿಗಾರ್ಡ್’ ಚಿತ್ರಕ್ಕಾಗಿ 1992ರಲ್ಲಿ ವಿಟ್ನಿ ಹ್ಯೂಸ್ಟನ್ ಹಾಡಿದ ಇದು ಅಮೆರಿಕದಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು. ಆರಂಭದಲ್ಲಿ ವಾದ್ಯವೇ ಇಲ್ಲ, ಮೆಲುದನಿ. ‘ಇಷ್ಟೇ ತಾನೇ’ ಎಂದು ಹಾಡತೊಡಗಿದವಳನ್ನು ಹಾಡು ಉಪಾಯವಾಗಿ ಮೇಲಕ್ಕೆ ಕರೆದೊಯ್ಯುತ್ತದೆ. ಕೊನೆಗೆ ಒಂದು ಕ್ಷಣದ ಮೌನ, ಡ್ರಮ್ಮಿನ ಒಂದೇ ಏಟು, ಇಡೀ ಹಾಡು ಎರಡು ಮೆಟ್ಟಿಲು ಮೇಲಿನ ಶ್ರುತಿಗೆ ಜಿಗಿಯುತ್ತದೆ. ಅಲ್ಲಿಂದ ಹಿಂದಿರುಗಲು ದಾರಿಯಿಲ್ಲ. ‘ಟೈಟಾನಿಕ್’ ಚಿತ್ರಕ್ಕಾಗಿ 1997ರಲ್ಲಿ ಸೆಲೀನ್ ಡಿಯೋನ್ ಹಾಡಿದ ಹಾಡಿನ ಕೊನೆಯಲ್ಲೂ ಇಂಥದೇ ಜಿಗಿತವಿದೆ. ಅಲ್ಲಿ ನಾಲ್ಕು ಮೆಟ್ಟಿಲು. ಆದ್ದರಿಂದ ಅನುಭವಿಗಳು ಹೇಳುವ ಮೊದಲ ಸೂತ್ರ: ಹಾಡು ಆರಿಸುವಾಗ ಅದರ ಮೊದಲ ಸಾಲನ್ನಲ್ಲ, ಕೊನೆಯ ಒಂದು ನಿಮಿಷವನ್ನು ಹಾಡಿ ನೋಡಿ.

ಸ್ವಾರಸ್ಯವೆಂದರೆ ಅದೇ ‘ಐ ವಿಲ್ ಆಲ್ವೇಸ್ ಲವ್ ಯು’ಗೆ ಸುಲಭದ ರೂಪವೂ ಇದೆ. ಅದನ್ನು ಬರೆದು 1974ರಲ್ಲಿ ಮೊದಲು ಹಾಡಿದವರು ಡಾಲಿ ಪಾರ್ಟನ್. ಅವರ ಧಾಟಿಯಲ್ಲಿ ಅಬ್ಬರವಿಲ್ಲ. ಒಂದು ಚರಣವನ್ನಂತೂ ಅವರು ಹಾಡುವುದೇ ಇಲ್ಲ, ಮಾತಿನಂತೆ ನುಡಿಯುತ್ತಾರೆ. ಅಮೆರಿಕದ ಹಳ್ಳಿಗಾಡಿನ ಸಂಗೀತದ ಪಟ್ಟಿಯಲ್ಲಿ ಆ ಹಾಡೂ ಮೊದಲ ಸ್ಥಾನಕ್ಕೆ ಬಂದಿತ್ತು. ಅಂದರೆ ಜನ ಮೆಚ್ಚಿದ್ದು ಬರೀ ಎತ್ತರದ ಸ್ವರವನ್ನಲ್ಲ.

ನಿಧಾನದ ಹಾಡೆಲ್ಲ ಸುಲಭ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಪ್ಯಾಟ್ಸಿ ಕ್ಲೈನ್ 1961ರಲ್ಲಿ ಹಾಡಿದ ‘ಕ್ರೇಜಿ’ ಜೋಗುಳದಷ್ಟು ಸಾವಕಾಶವಾದ ಹಾಡು. ಆದರೆ ಅದರ ಸ್ವರಗಳು ದೂರದೂರಕ್ಕೆ ಹಾರುತ್ತವೆ, ಒಂದೊಂದು ಸಾಲಿಗೂ ದೀರ್ಘ ಉಸಿರು ಬೇಕು. ಕಾರು ಅಪಘಾತದಲ್ಲಿ ಪಕ್ಕೆಲುಬಿಗೆ ಪೆಟ್ಟಾಗಿದ್ದ ಸ್ವತಃ ಕ್ಲೈನ್ ಅವರಿಗೇ ಮೊದಲ ಧ್ವನಿಮುದ್ರಣದ ದಿನ ಮೇಲಿನ ಸ್ವರಗಳು ಎಟುಕಲಿಲ್ಲ. ಕೆಲವು ವಾರಗಳ ನಂತರ ಬಂದು ಹಾಡಿ ಮುಗಿಸಿದರು. ನಿಧಾನದ ಹಾಡಿನಲ್ಲಿ ತಪ್ಪು ಅಡಗುವುದಿಲ್ಲ. ಚುರುಕಾದ ತಾಳದ ಹಾಡಿನಲ್ಲಿ ತಾಳವೇ ಅರ್ಧ ತಪ್ಪನ್ನು ನುಂಗಿಕೊಳ್ಳುತ್ತದೆ.

ನಿಜವಾಗಿಯೂ ಸುಲಭವಾದವು

ಸುಲಭದ ಹಾಡಿಗೆ ಉದಾಹರಣೆಯಾಗಿ ನ್ಯಾನ್ಸಿ ಸಿನಾತ್ರ ಹಾಡಿದ ‘ದೀಸ್ ಬೂಟ್ಸ್ ಆರ್ ಮೇಡ್ ಫಾರ್ ವಾಕಿಂಗ್’ ನೋಡಿ. 1966ರಲ್ಲಿ ಅಮೆರಿಕದ ಮೊದಲ ಸ್ಥಾನ ಗಳಿಸಿತು. ಇದನ್ನು ಬರೆದ ಲೀ ಹೇಜಲ್‌ವುಡ್ ತಾನೇ ಹಾಡಬೇಕೆಂದಿದ್ದರಂತೆ. ಗಂಡಸಿನ ಬಾಯಲ್ಲಿ ಒರಟಾಗುತ್ತದೆ, ಹುಡುಗಿಯೇ ಹಾಡಬೇಕು ಎಂದು ನ್ಯಾನ್ಸಿ ವಾದಿಸಿ ಪಡೆದುಕೊಂಡರು. ಮೋಸ ಮಾಡಿದ ಪ್ರಿಯಕರನಿಗೆ ಕೊಡುವ ಎಚ್ಚರಿಕೆ ಈ ಹಾಡು. ದನಿ ತಗ್ಗಿನಲ್ಲಿದೆ, ಸ್ವರಗಳ ಓಡಾಟ ಕಡಿಮೆ, ಹೆಚ್ಚುಕಡಿಮೆ ಮಾತೇ. ಇಲ್ಲಿ ಬೇಕಾದ್ದು ಕಂಠಸಿರಿಗಿಂತ ಧಿಮಾಕು. ಧಿಮಾಕಿಗೆ ಶ್ರುತಿಯ ಹಂಗಿಲ್ಲ.

ಮತ್ತೊಂದು, ಗ್ಲೋರಿಯಾ ಗೇನರ್ ಹಾಡಿದ ‘ಐ ವಿಲ್ ಸರ್ವೈವ್’. 1978ರಲ್ಲಿ ಬಂದಾಗ ಇದು ಮುದ್ರಿಕೆಯ ಹಿಂಬದಿಯ ಹಾಡು. ಮುಂಬದಿಯಲ್ಲಿ ಬೇರೊಂದು ಹಾಡಿತ್ತು. ಡಿಸ್ಕೊಗಳಲ್ಲಿ ರೆಕಾರ್ಡು ನುಡಿಸುವವರು ತಿರುಗಿಸಿ ಹಾಕಿದರು, ಜನ ಕುಣಿದರು. 1979ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂತು. ವೇದಿಕೆಯಿಂದ ಬಿದ್ದು ಬೆನ್ನಿಗೆ ಪೆಟ್ಟಾಗಿದ್ದ ಗೇನರ್ ಬೆನ್ನುಪಟ್ಟಿ ಕಟ್ಟಿಕೊಂಡು ಇದನ್ನು ಹಾಡಿದ್ದರು. ತಂತ್ರದ ದೃಷ್ಟಿಯಿಂದ ನೋಡಿದರೆ ಈ ಹಾಡಿನ ಗುಟ್ಟು ಅದರ ಪುನರಾವರ್ತನೆ. ಒಂದೇ ವಾದ್ಯವೃತ್ತ ಆರಂಭದಿಂದ ಕೊನೆಯವರೆಗೆ ಸುತ್ತುತ್ತದೆ. ಪಲ್ಲವಿಗೂ ಚರಣಕ್ಕೂ ಅದೇ. ಮೊದಲ ಸುತ್ತು ಹಾಡಿದವಳಿಗೆ ಇಡೀ ಹಾಡು ಬಂದಂತೆ. ನಡುವೆ ಶ್ರುತಿಯ ಜಿಗಿತವೂ ಇಲ್ಲ. ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ಕೋಣೆಯೆಲ್ಲ ಹಾಡುತ್ತಿರುತ್ತದೆ.

ಕೇಳುವವರನ್ನು ಹಾಡುವವರನ್ನಾಗಿ ಮಾಡುವುದೇ ಜನಮೆಚ್ಚುಗೆಯ ನಿಜವಾದ ಸೂತ್ರ. ಸ್ವೀಡನ್ನಿನ ಆ್ಯಬಾ ತಂಡದ ‘ಡ್ಯಾನ್ಸಿಂಗ್ ಕ್ವೀನ್’ (1976) ಆರಂಭವಾಗುವುದೇ ಪಲ್ಲವಿಯ ನಡುವಿನಿಂದ, ಜನರನ್ನು ಕಾಯಿಸುವುದಿಲ್ಲ. ಮೂಲದಲ್ಲೇ ಇಬ್ಬರು ಗಾಯಕಿಯರು ಒಟ್ಟಿಗೆ ಹಾಡಿದ ಹಾಡಾದ್ದರಿಂದ ಇಬ್ಬರು ಗೆಳತಿಯರು ಒಂದೇ ಮೈಕು ಹಿಡಿದರೆ ಚೆನ್ನ. ಮೇಲಿನ ಸ್ವರ ಒಬ್ಬಳಿಗೆ ಎಟುಕದಿದ್ದರೆ ಇನ್ನೊಬ್ಬಳಿದ್ದಾಳೆ. ಸಿಂಡಿ ಲಾಪರ್ 1983ರಲ್ಲಿ ಹಾಡಿದ ‘ಗರ್ಲ್ಸ್ ಜಸ್ಟ್ ವಾಂಟ್ ಟು ಹ್ಯಾವ್ ಫನ್’ ಕೂಡ ಇದೇ ಜಾತಿಯದು. ರಾಬರ್ಟ್ ಹಜಾರ್ಡ್ ಎಂಬವರು ಗಂಡಸಿನ ದೃಷ್ಟಿಯಿಂದ ಬರೆದಿದ್ದ ಹಾಡದು. ಲಾಪರ್ ಮಾತು ಬದಲಿಸಿ ಅದನ್ನು ಹುಡುಗಿಯರ ಹಾಡನ್ನಾಗಿ ಮಾಡಿಕೊಂಡರು.

ಪೂರ್ವ ಏಷ್ಯಾದಲ್ಲಿ ಈ ಪಟ್ಟ ತೈವಾನಿನ ತೆರೆಸಾ ಟೆಂಗ್ ಅವರದು. ‘ಚಂದಿರನೇ ನನ್ನ ಹೃದಯದ ಪ್ರತಿನಿಧಿ’ ಎಂಬರ್ಥದ ಚೀನಿ ಗೀತೆಯನ್ನು ಅವರು 1977ರಲ್ಲಿ ಹಾಡಿ ಮನೆಮಾತಾಗಿಸಿದರು. 1995ರಲ್ಲಿ, ನಲವತ್ತೆರಡರ ವಯಸ್ಸಿನಲ್ಲಿ ತೀರಿಕೊಂಡರೂ ಚೀನಿ ಮಾತನಾಡುವವರ ಕರೋಕೆ ಕೋಣೆಗಳಲ್ಲಿ ಅವರ ಹಾಡುಗಳು ಇಂದಿಗೂ ಉಳಿದಿವೆ. ಕೂಗದೆ, ಕಿವಿಯ ಬಳಿ ಮಾತನಾಡಿದಂತೆ ಹಾಡುವ ಶೈಲಿ ಅದು. ಗಟ್ಟಿ ಗಂಟಲಿಲ್ಲದವರಿಗೂ ಅಲ್ಲಿ ಜಾಗವಿದೆ.

ಇದೆಲ್ಲ ನಮಗೆ ಹೊಸತೇನಲ್ಲ. ನಮ್ಮ ಸೋಬಾನೆ ಪದಗಳನ್ನು ಯಾವ ಹಿನ್ನೆಲೆ ಗಾಯಕಿಗಾಗಿಯೂ ಕಟ್ಟಿದ್ದಲ್ಲ. ನಾಲ್ಕೈದು ಸ್ವರಗಳ ಒಳಗೇ ತಿರುಗುವ ಧಾಟಿ. ಒಬ್ಬಾಕೆ ಸೊಲ್ಲು ಎತ್ತಿಕೊಡುತ್ತಾಳೆ, ಉಳಿದವರು ಅವಳ ಶ್ರುತಿಗೆ ‘ಸೋ’ ಎಂದು ದನಿ ಕೂಡಿಸುತ್ತಾರೆ. ದನಿ ಒಡೆದರೆ ಹತ್ತು ದನಿ ಮುಚ್ಚುತ್ತವೆ. ಮದುವೆ ಮನೆಯಲ್ಲಿ ಹೆಂಗಸರು ನಾಚದೆ ಹಾಡುತ್ತಿದ್ದುದು ಅವರೆಲ್ಲರಿಗೂ ಕಂಠಸಿರಿ ಇತ್ತೆಂದಲ್ಲ. ಶ್ರುತಿ ಅವರ ಕೈಯಲ್ಲೇ ಇತ್ತು, ಜೊತೆಗೆ ಹಾಡುವವರೂ ಇದ್ದರು. ‘ಹಾಡ್ತಾ ಹಾಡ್ತಾ ರಾಗ’ ಎಂಬ ಗಾದೆ ಹುಟ್ಟಿದ್ದು ಹಾಡಲು ಬಿಟ್ಟವರ ನಡುವೆ. ಒಮ್ಮೆ ನಕ್ಕು ಬಾಯಿ ಮುಚ್ಚಿಸಿದರೆ ರಾಗ ಬರುವುದೆಲ್ಲಿಂದ?

ಹಾಗಾದರೆ ಮುಂದಿನ ಸಲ ನಿಮ್ಮ ಸರದಿ ಬಂದಾಗ ಏನು ಮಾಡಬೇಕು? ಅಡುಗೆಮನೆಯಲ್ಲೋ ಸ್ನಾನದ ಮನೆಯಲ್ಲೋ ತಾನಾಗಿ ಬಾಯಿಗೆ ಬರುವ ಹಾಡನ್ನೇ ಆರಿಸಿ. ಯಾರೂ ಶ್ರುತಿ ಕೊಡದಿದ್ದಾಗ ನೀವು ಹಾಡುವ ಎತ್ತರವೇ ನಿಮ್ಮ ಶ್ರುತಿ. ಹಾಡಿನ ಅತಿ ಎತ್ತರದ ಜಾಗವನ್ನು ಮೊದಲೇ ಹಾಡಿ ನೋಡಿ. ಎಟುಕದಿದ್ದರೆ ಎರಡು ಮೆಟ್ಟಿಲು ಇಳಿಸಿ, ಗಂಡಸಿನ ಹಾಡಾದರೆ ನಾಲ್ಕೈದು ಇಳಿಸಿ. ಪಲ್ಲವಿ ಎಲ್ಲರಿಗೂ ಗೊತ್ತಿರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಕರೋಕೆಯಲ್ಲಿ ಒಂದು ಅನುಕೂಲವೆಂದರೆ ಹಾಸಿಗೆಯನ್ನೇ ನಮ್ಮ ಕಾಲಿನತ್ತ ಸರಿಸಿಕೊಳ್ಳಬಹುದು.

ಈ ಲೇಖನಕ್ಕಾಗಿ ಇದನ್ನೆಲ್ಲ ಓದಿ ತಿಳಿದ ಮೇಲೆ ಒಂದು ಭಾನುವಾರ ಚಿಕ್ಕಮ್ಮನ ಮನೆಗೆ ಹೋದೆ. ಮೊಬೈಲಿನಲ್ಲಿ ಅದೇ ಹಾಡು ಹಾಕಿ ಶ್ರುತಿಯನ್ನು ಐದು ಮೆಟ್ಟಿಲು ಇಳಿಸಿದೆ. ಮೊದಲು ‘ಬೇಡ’ ಎಂದರು. ಎರಡನೆಯ ಸಲ ಹಾಕಿದಾಗ ತರಕಾರಿ ಹೆಚ್ಚುತ್ತಲೇ ಹಾಡತೊಡಗಿದರು. ಚರಣ ಬಂತು, ದನಿ ಒಡೆಯಲಿಲ್ಲ. ಹಾಡು ಮುಗಿದ ಮೇಲೆ ಈಳಿಗೆಮಣೆ ಪಕ್ಕಕ್ಕಿಟ್ಟು ಆ ಗುಂಡಿ ಯಾವುದು ತೋರಿಸು ಎಂದರು. ತೋರಿಸಿದೆ. ಸ್ವಲ್ಪ ಹೊತ್ತು ಅದನ್ನೇ ನೋಡಿ ಕೇಳಿದರು: ‘ಅವತ್ತು ನಗುವ ಬದಲು ಯಾರಾದರೂ ಇದನ್ನು ಒತ್ತಬಾರದಿತ್ತೇ?’